ಮಳೆಗಾಲದಲ್ಲಿ ಆನ್‌ಲೈನ್ ಕ್ಲಾಸು

ಪ್ರಶ್ನೆ: ಮೇಡಂ, ನಾನು ಇಂಗ್ಲಿಷ್ ಎಂ.ಎ. ಓದುತ್ತಿದ್ದೇನೆ. ಮನೆ ಭಾಗಮಂಡಲದ ಹತ್ತಿರ. ವಾರದಲ್ಲಿ ಎರಡು ದಿನ ಆನ್‌ಲೈನ್ ಕ್ಲಾಸು. ಮಳೆ ಹಿಡಿದರೆ ಕರೆಂಟೂ ಇಲ್ಲ, ನೆಟ್‌ವರ್ಕೂ ಇಲ್ಲ. ಏನು ಮಾಡಲಿ?

ಉತ್ತರ: ನಿಮ್ಮ ಕಷ್ಟ ಚೆನ್ನಾಗಿ ಗೊತ್ತಮ್ಮ. ಮಡಿಕೇರಿಯಲ್ಲಿ ನಾನೂ ಇಂಗ್ಲಿಷ್ ಪಾಠ ಮಾಡುವವಳೇ. ಒಂದು ಜುಲೈಯಲ್ಲಿ ನನ್ನ ವಿದ್ಯಾರ್ಥಿನಿ ಕಾಫಿ ಕಣದ ತುದಿಯಲ್ಲಿ ಕೊಡೆ ಹಿಡಿದು ನಿಂತು ಕ್ಲಾಸು ಕೇಳುತ್ತಿದ್ದಳು. ಅಲ್ಲಿ ಮಾತ್ರ ಸಿಗ್ನಲ್. ಅವಳು ಉತ್ತರ ಹೇಳಿದರೆ ನನಗೆ ಮಳೆ ಸದ್ದೇ ಜಾಸ್ತಿ ಕೇಳುತ್ತಿತ್ತು. ಅವತ್ತಿನಿಂದ ಪಾಠವನ್ನು ಹತ್ತು ಹತ್ತು ನಿಮಿಷದ ಆಡಿಯೊ ಮಾಡಿ ವಾಟ್ಸಾಪ್‌ಗೆ ಹಾಕುತ್ತಿದ್ದೇನೆ. ವಿಡಿಯೊದಷ್ಟು ಡೇಟಾ ಬೇಡ. ಪೇಟೆಗೆ ಬಂದಾಗ ಇಳಿಸಿಕೊಂಡು ರಾತ್ರಿ ಕೇಳಬಹುದು. ನಿಮ್ಮ ಮೇಷ್ಟ್ರನ್ನೂ ಹೀಗೆ ಕೇಳಿ, ಸಂಕೋಚ ಬೇಡ.

2017ರಲ್ಲಿ ಶುರುವಾದ, ಕೇಂದ್ರ ಸರ್ಕಾರದ ಆನ್‌ಲೈನ್ ಕೋರ್ಸುಗಳ ತಾಣ ‘ಸ್ವಯಂ’ನಲ್ಲೂ ಇಂಗ್ಲಿಷ್ ಕೋರ್ಸುಗಳಿವೆ. ಒಂದು ಸೆಮಿಸ್ಟರಿನ ಕೋರ್ಸುಗಳಲ್ಲಿ ಶೇ. 40ರವರೆಗೆ ಅಲ್ಲಿ ಮಾಡಲು ವಿಶ್ವವಿದ್ಯಾಲಯ ಬಿಡಬಹುದು ಅನ್ನುತ್ತದೆ ಯುಜಿಸಿಯ 2021ರ ನಿಯಮ. ನಿಮ್ಮಲ್ಲಿ ಬಿಡುತ್ತಾರಾ, ವಿಭಾಗದಲ್ಲಿ ವಿಚಾರಿಸಿ.

ಆದರೆ ಪದ್ಯದ ಪಾಠ ತಪ್ಪಿಸಬೇಡಿ. ಪದ್ಯವನ್ನು ಒಬ್ಬರು ಗಟ್ಟಿಯಾಗಿ ಓದಬೇಕು, ಪಕ್ಕದವರು ಕೇಳಬೇಕು, ಅಲ್ವಾ? ಆ ದಿನ ಬೆಳಗಿನ ಬಸ್ಸು ಹಿಡಿದು ಹೋಗಿಬಿಡಿ.