ಉಂಡ ಮನೆ ಯಾರದು?

ಕಳೆದ ಸಂಚಿಕೆಯಲ್ಲಿ ಲಾಸ್ ಏಂಜಲೀಸ್ ನಗರದ ಮೆಕ್ಸಿಕನ್ ಸಮುದಾಯದ ಸ್ವಾತಂತ್ರ್ಯೋತ್ಸವದ ಕುರಿತು ಚಿತ್ರಲೇಖನವೊಂದನ್ನು ಪ್ರಕಟಿಸಿದ್ದೆವು. ಅದನ್ನು ಓದಿ ಬ್ಯಾಡಗಿಯ ನಿವೃತ್ತ ಶಿಕ್ಷಕರೊಬ್ಬರು ಬರೆದಿದ್ದಾರೆ: “ಮೆಕ್ಸಿಕೋದ ಸ್ವಾತಂತ್ರ್ಯ ದಿನ ಮೇ 5 ಎಂದು ಕೇಳಿದ್ದೆ, ತಾವು ಸೆಪ್ಟೆಂಬರ್ 16 ಎನ್ನುತ್ತೀರಿ. ಅದಿರಲಿ. ಅಮೆರಿಕದಲ್ಲಿ ದುಡಿದು, ಅಲ್ಲಿನ ಅನ್ನ ಉಂಡು, ಬೀದಿ ತುಂಬ ಮೆಕ್ಸಿಕೋದ ಬಾವುಟ ಹಾರಿಸುವುದು ಉಂಡ ಮನೆಗೆ ಎರಡು ಬಗೆದಂತಲ್ಲವೇ? ಪತ್ರಿಕೆ ಇದನ್ನು ಕೊಂಡಾಡಬೇಕೇ?” ಪತ್ರದ ಅಂಚಿನಲ್ಲಿ ಇನ್ನೂ ಒಂದು ಸಾಲು ಇತ್ತು: “ಚಿತ್ರದಲ್ಲಿರುವ ಬಿಳಿ ಗೊಜ್ಜಿನ ಮೆಣಸಿನಕಾಯಿ ಯಾವುದು?”

ಮಾನ್ಯ ಗುರುಗಳೇ,

ದಿನಾಂಕದ ಮಾತನ್ನು ಮೊದಲು ಮುಗಿಸುತ್ತೇನೆ. 1810ರ ಸೆಪ್ಟೆಂಬರ್ 16ರ ನಸುಕಿನಲ್ಲಿ ದೊಲೋರೆಸ್ ಎಂಬ ಊರಿನ ಪಾದ್ರಿ ಮಿಗೆಲ್ ಹಿದಾಲ್ಗೋ ಚರ್ಚಿನ ಗಂಟೆ ಹೊಡೆಸಿ ಊರವರನ್ನು ಸೇರಿಸಿದರು. ಸ್ಪೇನಿನ ಆಡಳಿತದ ವಿರುದ್ಧ ಏಳಿರೆಂದು ಕರೆಕೊಟ್ಟರು. ಆ ಕರೆಗೆ ‘ಗ್ರಿತೋ’ ಎಂದು ಹೆಸರು. ಸ್ಪ್ಯಾನಿಷ್ ಭಾಷೆಯಲ್ಲಿ ಕೂಗು ಎಂದರ್ಥ. ಮರುವರ್ಷವೇ ಹಿದಾಲ್ಗೋ ಅವರನ್ನು ಗುಂಡಿಕ್ಕಿ ಕೊಂದರು. ಅವರ ಮತ್ತು ಮೂವರು ಸಂಗಾತಿಗಳ ರುಂಡಗಳನ್ನು ಗ್ವಾನಾಹ್ವಾತೋ ನಗರದ ಧಾನ್ಯದ ಉಗ್ರಾಣದ ನಾಲ್ಕು ಮೂಲೆಗಳಲ್ಲಿ ತೂಗುಹಾಕಿದರು. ಅವು ಸುಮಾರು ಹತ್ತು ವರ್ಷ ಅಲ್ಲಿಯೇ ಇದ್ದವು. ಬಿಡುಗಡೆಯ ಸೇನೆ ಮೆಕ್ಸಿಕೋ ನಗರವನ್ನು ಹೊಕ್ಕದ್ದು 1821ರ ಸೆಪ್ಟೆಂಬರ್ 27ರಂದು. ಆದರೂ ಆ ಜನ ಹಬ್ಬಕ್ಕೆ ಆರಿಸಿಕೊಂಡದ್ದು ಗೆದ್ದ ದಿನವನ್ನಲ್ಲ, ಕೂಗಿದ ದಿನವನ್ನು. ಹೋರಾಟ ಇನ್ನೂ ನಡೆದಿದ್ದಾಗಲೇ, 1813ರಲ್ಲಿ, ಮೊರೆಲೋಸ್ ಎಂಬ ಇನ್ನೊಬ್ಬ ಪಾದ್ರಿ ಹೊಸ ನಾಡಿಗಾಗಿ ಬರೆದ ಸೂತ್ರಗಳಲ್ಲಿ ಸೆಪ್ಟೆಂಬರ್ 16ನ್ನು ಪ್ರತಿವರ್ಷ ಆಚರಿಸಬೇಕೆಂದು ಸೇರಿಸಿದ್ದರು. ಈ ಆಯ್ಕೆ ನನ್ನನ್ನು ಬಹಳ ತಟ್ಟುತ್ತದೆ.

ಮೇ 5 ಬೇರೆಯೇ ಹಬ್ಬ. 1862ರ ಆ ದಿನ ಪ್ವೆಬ್ಲಾ ನಗರದ ಬಳಿ ಮೆಕ್ಸಿಕೋದ ಸೈನ್ಯ ಫ್ರೆಂಚರನ್ನು ಹಿಮ್ಮೆಟ್ಟಿಸಿತು. ಆಗ ಅಮೆರಿಕದಲ್ಲಿ ಗುಲಾಮಗಿರಿಯ ಸುತ್ತ ಅಂತರ್ಯುದ್ಧ ನಡೆಯುತ್ತಿತ್ತು. ಕ್ಯಾಲಿಫೋರ್ನಿಯದ ಸ್ಪ್ಯಾನಿಷ್ ಭಾಷಿಕರು ಎರಡು ಯುದ್ಧಗಳನ್ನೂ ಸ್ವಾತಂತ್ರ್ಯದ ಒಂದೇ ಹೋರಾಟ ಎಂದು ಬಗೆದು, ಗುಲಾಮಗಿರಿಯನ್ನು ವಿರೋಧಿಸಿದ ಲಿಂಕನ್ನರ ಪಕ್ಷ ವಹಿಸಿದ್ದರು. ಗೆಲುವಿನ ಸುದ್ದಿ ಅವರಲ್ಲಿ ಹಬ್ಬವಾಯಿತು. ಇತ್ತೀಚಿನ ದಶಕಗಳಲ್ಲಿ ಬಿಯರ್ ಕಂಪನಿಗಳ ಜಾಹೀರಾತು ಅದನ್ನು ಎಲ್ಲೆಡೆ ಹಬ್ಬಿಸಿತು. ತಮ್ಮ ಕಿವಿಗೂ ಮೊದಲು ಬಿದ್ದದ್ದು ಅದೇ ಇರಬೇಕು.

ಇನ್ನು ಉಂಡ ಮನೆಯ ಮಾತು. ಹಾಗಿದ್ದರೆ ಮನೆ ಯಾರದು ಎಂದು ಕೇಳಬೇಕಾಗುತ್ತದೆ. ಲಾಸ್ ಏಂಜಲೀಸ್ ಹುಟ್ಟಿದ್ದು 1781ರಲ್ಲಿ. ಇಂದಿನ ಮೆಕ್ಸಿಕೋದ ಸಿನಲೋವಾ ಮತ್ತು ಸೊನೋರಾ ಪ್ರಾಂತ್ಯಗಳಿಂದ ಬಂದ 44 ಜನ ಅದನ್ನು ಕಟ್ಟಿದರು. ಮೊದಲು ಸ್ಪೇನಿನದಾಗಿದ್ದ ಊರು 1821ರ ನಂತರ ಮೆಕ್ಸಿಕೋದ್ದಾಯಿತು. ಯುದ್ಧದಲ್ಲಿ ಸೋತ ಮೆಕ್ಸಿಕೋ 1848ರ ಒಪ್ಪಂದದಲ್ಲಿ ಕ್ಯಾಲಿಫೋರ್ನಿಯವನ್ನು ಅಮೆರಿಕಕ್ಕೆ ಬಿಟ್ಟುಕೊಟ್ಟಿತು. ಅಲ್ಲಿನ ಹಳೆಯ ಕುಟುಂಬಗಳು ಕುಳಿತಲ್ಲೇ ಇದ್ದವು, ದೇಶ ಬದಲಾಯಿತು. “ನಾವು ಗಡಿ ದಾಟಲಿಲ್ಲ, ಗಡಿಯೇ ನಮ್ಮನ್ನು ದಾಟಿತು” ಎಂಬ ಮಾತು ಅವರಲ್ಲಿ ಬಳಕೆಯಲ್ಲಿದೆ.

ಇದೊಂದರಿಂದಲೇ ತಮ್ಮ ಪ್ರಶ್ನೆ ಮುಗಿಯುವುದಿಲ್ಲವೆಂದು ಒಪ್ಪುತ್ತೇನೆ. ಇಂದು ಬಾವುಟ ಹಿಡಿಯುವ ಬಹುಪಾಲು ಮನೆತನಗಳು 1910ರ ಮೆಕ್ಸಿಕನ್ ಕ್ರಾಂತಿಯ ಗದ್ದಲದಲ್ಲಿ ಅಥವಾ ಅದರ ನಂತರ, ಕೂಲಿ ಅರಸಿ ಬಂದವು. ಆದ್ದರಿಂದ ಹೀಗೆ ಬಂದವರಿಗೆ ಆ ಮನೆಯಲ್ಲಿ ಎಂಥ ಊಟ ಸಿಕ್ಕಿತೆಂಬುದನ್ನೂ ನೋಡೋಣ.

1930ರಲ್ಲಿ ನಗರದ ಹಳೆಯ ಚೌಕದ ಪಕ್ಕ ಒಲ್ವೇರಾ ಬೀದಿಯನ್ನು ಪ್ರವಾಸಿಗರಿಗಾಗಿ ಮೆಕ್ಸಿಕನ್ ಸಂತೆಯ ಹಾಗೆ ಸಜ್ಜುಗೊಳಿಸಿ ತೆರೆದರು. ಮರುವರ್ಷ ಫೆಬ್ರವರಿ 26ರಂದು ಅದೇ ಚೌಕದಲ್ಲಿ ಅಧಿಕಾರಿಗಳು ಸುಮಾರು 400 ಜನರನ್ನು ಸುತ್ತುವರಿದು, ಹೊರಗೆ ಬಿಡದೆ, ಒಬ್ಬೊಬ್ಬರ ಕಾಗದಪತ್ರ ಕೇಳಿದರು. ಆರ್ಥಿಕ ಕುಸಿತದ ದಿನಗಳವು. ಕೆಲಸ ಕಸಿಯುತ್ತಿದ್ದಾರೆ ಎಂಬ ಕೂಗಿಗೆ ಸಿಕ್ಕಿ ಆ ದಶಕದಲ್ಲಿ ಲಕ್ಷಗಟ್ಟಲೆ ಜನ ಅಮೆರಿಕ ಬಿಡಬೇಕಾಯಿತು. ಅವರಲ್ಲಿ ಅಪಾರ ಸಂಖ್ಯೆಯವರು ಅಮೆರಿಕದಲ್ಲೇ ಹುಟ್ಟಿದ ಪ್ರಜೆಗಳು, ಅದರಲ್ಲೂ ಮಕ್ಕಳು. ಇದಕ್ಕಾಗಿ ಕ್ಯಾಲಿಫೋರ್ನಿಯ ರಾಜ್ಯ 2005ರಲ್ಲಿ ಕಾನೂನು ಮಾಡಿಯೇ ಕ್ಷಮೆ ಕೇಳಿತು. 1932ರಲ್ಲಿ ಒಲ್ವೇರಾ ಬೀದಿಯ ಗೋಡೆಯೊಂದರ ಮೇಲೆ ಮೆಕ್ಸಿಕೋದ ಚಿತ್ರಕಾರ ಸಿಕೆಯಿರೋಸ್, ಅಮೆರಿಕದ ಗುರುತಾದ ಹದ್ದಿನ ಕೆಳಗೆ ಶಿಲುಬೆಗೇರಿದ ಮೂಲನಿವಾಸಿಯನ್ನು ಬರೆದರು. ಬರೆಸಿದವರು ಬಯಸಿದ್ದು ಹಸಿರುಕಾಡಿನ ಸೊಗಸನ್ನು. ಚಿತ್ರಕ್ಕೆ ಸುಣ್ಣ ಬಳಿದರು. ಅದು ಮತ್ತೆ ಜನರ ಕಣ್ಣಿಗೆ ಬಿದ್ದದ್ದು 2012ರಲ್ಲಿ.

ಜನರನ್ನು ಹಾಗೆ ಅಟ್ಟಿ ಹತ್ತು ವರ್ಷವೂ ಕಳೆಯಲಿಲ್ಲ, ಮಹಾಯುದ್ಧ ಬಂತು, ಹೊಲಗಳಲ್ಲಿ ಆಳುಗಳಿಲ್ಲ. ಅಟ್ಟಿದ ನಾಡಿನಿಂದಲೇ ಜನರನ್ನು ಮತ್ತೆ ಕರೆಸಿದರು. 1942ರಿಂದ 1964ರವರೆಗೆ ಸುಮಾರು 46 ಲಕ್ಷ ಗುತ್ತಿಗೆಗಳಿಗೆ ಸಹಿ ಬಿತ್ತು. ಹೀಗೆ ಬಂದ ಕೂಲಿಗಳನ್ನು ‘ಬ್ರಸೇರೋ’ ಎಂದು ಕರೆದರು. ಆ ಪದದ ಬೇರು ತೋಳು ಎಂಬುದು. ಅಮೆರಿಕದ ಊಟದ ತಟ್ಟೆಗೆ ಬಂದ ತರಕಾರಿಯನ್ನು, ಹಣ್ಣನ್ನು ಬಾಗಿ ಬಿಡಿಸಿದ್ದು ಆ ತೋಳುಗಳು. ಅಲ್ಲಿ ಉಂಡವರು ಯಾರು, ಉಣಿಸಿದವರು ಯಾರು ಎಂದು ತಾವೇ ಯೋಚಿಸಿ.

ನಿಷ್ಠೆಯ ವಿಷಯಕ್ಕೆ ಒಬ್ಬರ ಕಥೆ ಹೇಳುತ್ತೇನೆ. ಮಕಾರಿಯೋ ಗಾರ್ಸಿಯಾ ಮೆಕ್ಸಿಕೋದಲ್ಲಿ ಹುಟ್ಟಿ ಟೆಕ್ಸಾಸಿನ ಹತ್ತಿ ಹೊಲಗಳಲ್ಲಿ ದುಡಿದವರು. ಅಮೆರಿಕದ ಸೈನ್ಯ ಸೇರಿ ಜರ್ಮನಿಯಲ್ಲಿ ಗಾಯಗೊಂಡೂ ಹೋರಾಡಿದರು. 1945ರ ಆಗಸ್ಟ್ 23ರಂದು ಗಾರ್ಸಿಯಾ ಅವರ ಕೊರಳಿಗೆ ಅಧ್ಯಕ್ಷ ಟ್ರೂಮನ್ ದೇಶದ ಅತ್ಯುನ್ನತ ಶೌರ್ಯಪದಕ ಹಾಕಿದರು. ತಿಂಗಳು ತುಂಬುವ ಮೊದಲೇ ಟೆಕ್ಸಾಸಿನ ಹೋಟೆಲೊಂದು ಮೆಕ್ಸಿಕನ್ ಎಂಬ ಕಾರಣಕ್ಕೆ ಅವರಿಗೆ ಊಟ ಬಡಿಸಲು ನಿರಾಕರಿಸಿತು. ಆಗ ಅವರಿಗೆ ಅಮೆರಿಕದ ಪೌರತ್ವವೂ ಇರಲಿಲ್ಲ. ಎರಡು ಬಗೆದದ್ದು ಯಾರು, ಗುರುಗಳೇ?

ಪೂರ್ವ ಲಾಸ್ ಏಂಜಲೀಸಿನ ಸ್ವಾತಂತ್ರ್ಯೋತ್ಸವದ ಮೆರವಣಿಗೆ ಶುರುವಾದದ್ದು ಅದರ ಮರುವರ್ಷ, 1946ರಲ್ಲಿ. ಕೃಷಿ ಕಾರ್ಮಿಕರ ನಾಯಕ ಸೀಸರ್ ಷಾವೆಸ್ ಅವರ ಹೆಸರಿನ ರಸ್ತೆಯಲ್ಲಿ ಅದು ಸಾಗುತ್ತದೆ. ಕಸೂತಿಯ ಅಂಗಿ, ಅಗಲ ಟೋಪಿಯ ಕುದುರೆ ಸವಾರರು, ನೆರಿಗೆ ಲಂಗ ಬೀಸುತ್ತ ಕುಣಿಯುವ ಹುಡುಗಿಯರು, ಶಾಲೆಗಳ ವಾದ್ಯವೃಂದಗಳು. ನಗರಸಭೆಯ ಎದುರಿನ ಉತ್ಸವದಲ್ಲಿ ಮೆಕ್ಸಿಕೋದ ಕಾನ್ಸಲ್ ಜನರಲ್ ಹಿದಾಲ್ಗೋ ಕೊಟ್ಟ ಕರೆಯನ್ನು ಮತ್ತೆ ಕೂಗುತ್ತಾರೆ. ವೀರರ ಹೆಸರು ಒಂದೊಂದಾಗಿ ಬಂದಂತೆ ಜನ ‘ವೀವಾ’ ಎನ್ನುತ್ತಾರೆ. ಮೆರವಣಿಗೆಯಲ್ಲಿ ಅಮೆರಿಕದ ಬಾವುಟವೂ ಇರುತ್ತದೆ. ನಮ್ಮ ಲೇಖನದ ಚಿತ್ರಗಳಲ್ಲಿ ಅದು ಕಾಣಲಿಲ್ಲ. ಆ ತಪ್ಪು ನಮ್ಮದು. ಬಟ್ಟೆಬರೆ, ತಿಂಡಿತಿನಿಸುಗಳಿಗೆ ನಾಲ್ಕು ಪುಟ ಕೊಟ್ಟು ಚೌಕದಲ್ಲಿ ಜನರನ್ನು ಸುತ್ತುವರಿದ 1931ರ ಆ ದಿನದ ಬಗ್ಗೆ ಒಂದು ಸಾಲನ್ನೂ ಬರೆಯದೆ ಹೋದದ್ದು ಅದಕ್ಕಿಂತ ದೊಡ್ಡ ತಪ್ಪು. ತಮ್ಮಂಥ ಹಿರಿಯರಿಗೆ ಈ ಸಂದೇಹ ಬಂದದ್ದರಲ್ಲಿ ನಮ್ಮ ಪಾಲೂ ಇದೆ.

2025ರ ಜೂನ್‌ನಲ್ಲಿ ವಲಸೆ ಅಧಿಕಾರಿಗಳ ದಾಳಿಗಳು ಈ ನಗರವನ್ನು ಮತ್ತೆ ನಡುಗಿಸಿದವು. ಆ ಸೆಪ್ಟೆಂಬರ್‌ನಲ್ಲಿ ಷಿಕಾಗೋದ ಗ್ರಾಂಟ್ ಪಾರ್ಕಿನಲ್ಲಿ ನಡೆಯಬೇಕಿದ್ದ ಗ್ರಿತೋ ಉತ್ಸವವನ್ನು, ಬಂದವರಿಗೆ ತೊಂದರೆಯಾದೀತೆಂಬ ಭಯದಿಂದ ಸಂಘಟಕರು ಮುಂದಕ್ಕೆ ಹಾಕಿದರು. ಹಬ್ಬಕ್ಕೆ ಹೋಗಲು ಹೆದರಬೇಕಾದ ಜನರ ಬಗ್ಗೆ ಬರೆಯುವಾಗ ತಟಸ್ಥನಾಗಿರಲು ನನ್ನಿಂದ ಆಗುವುದಿಲ್ಲ. ಅಮೆರಿಕದ ಕನ್ನಡ ಕೂಟಗಳು ನವೆಂಬರ್‌ನಲ್ಲಿ ಹಳದಿ ಕೆಂಪು ಬಾವುಟ ಹಿಡಿದು ರಾಜ್ಯೋತ್ಸವ ಮಾಡುವ ಚಿತ್ರಗಳನ್ನು ನಾವು ಹೆಮ್ಮೆಯಿಂದ ಅಚ್ಚು ಹಾಕುತ್ತೇವೆ. ಅದೇ ಮನಸ್ಸಿನಿಂದ ಇದನ್ನೂ ಹಾಕಿದೆವು. ಮುಂದೆಯೂ ಹಾಕುತ್ತೇವೆ.

ಇನ್ನು ಅಂಚಿನ ಸಾಲಿಗೆ ಉತ್ತರ. ಆ ತಿನಿಸಿನ ಹೆಸರು ‘ಚೀಲೆಸ್ ಎನ್ ನೊಗಾದಾ’. ಪೊಬ್ಲಾನೋ ಎಂಬ ದಪ್ಪ ಹಸಿರು ಮೆಣಸಿನಕಾಯಿಯನ್ನು ಸುಟ್ಟು ಸಿಪ್ಪೆ ಸುಲಿದು, ಒಳಗೆ ಕೈಮಾ ಮತ್ತು ಹಣ್ಣಿನ ಹೂರಣ ತುಂಬಿ, ಮೇಲೆ ಅಕ್ರೋಟಿನ ಗೊಜ್ಜು ಸುರಿದು, ದಾಳಿಂಬೆ ಕಾಳು ಉದುರಿಸುತ್ತಾರೆ. ಹಸಿರು, ಬಿಳಿ, ಕೆಂಪು ಅವರ ಬಾವುಟದ ಬಣ್ಣಗಳು. ಹಸಿ ಅಕ್ರೋಟು, ದಾಳಿಂಬೆ ಎರಡೂ ಸಿಗುವ ಕಾಲದಲ್ಲೇ ಈ ಹಬ್ಬ ಬರುತ್ತದೆ. ಮೆಣಸಿನಕಾಯಿಯ ತವರು ಮೆಕ್ಸಿಕೋ. ಪೋರ್ಚುಗೀಸರ ಹಡಗುಗಳಲ್ಲಿ ಅದು ನಮ್ಮ ಕರಾವಳಿಗೆ ಬಂತು. ಪೊಬ್ಲಾನೋ ಕಾಯಿಯನ್ನು ಗಿಡದಲ್ಲೇ ಹಣ್ಣಾಗಲು ಬಿಟ್ಟು ಒಣಗಿಸಿದರೆ ಅದು ಕಡುಗೆಂಪಾಗಿ ಸುಕ್ಕುಗಟ್ಟುತ್ತದೆ. ಖಾರ ಕಡಿಮೆ, ಬಣ್ಣ ಹೆಚ್ಚು. ತಮ್ಮೂರಿನ ಮಾರುಕಟ್ಟೆಯಲ್ಲಿ ರಾಶಿ ಹಾಕಿದರೆ ಆಕಾರ ಮಾತ್ರ ಬೇರೆ ಎನಿಸೀತು.

ವಂದನೆಗಳೊಂದಿಗೆ,
ಸಂಪಾದಕ