ಒಂದೆಲಗದ ಸಾರ, ಸ್ಕೋಪೊಲಮಿನ್, ಗುಂಪಿಗೆ ಆರು ಮೈಸ್: ಇಷ್ಟರಿಂದ ಆಲ್‌ಝೈಮರ್‌ಗೆ ಮದ್ದು ಎನ್ನಬಹುದೇ?

ನಿಮ್ಮ ಪ್ರಶ್ನೆ ಇದು: ಎಂ.ಫಾರ್ಮ್ ಪ್ರಾಜೆಕ್ಟಿಗೆ ಒಂದೆಲಗದ ಆಲ್ಕೋಹಾಲ್ ಸಾರವನ್ನು ಕೆ.ಜಿ.ಗೆ 200 ಮತ್ತು 400 ಮಿ.ಗ್ರಾಂನಂತೆ ಸ್ವಿಸ್ ಆಲ್ಬಿನೊ ಮೈಸ್‌ಗೆ (ಸಣ್ಣ ಬಿಳಿ ಇಲಿಗಳಿಗೆ) ಕುಡಿಸಿ, ಸ್ವಲ್ಪ ಹೊತ್ತಿನ ಮರೆವು ತರುವ ಸ್ಕೋಪೊಲಮಿನ್ ಚುಚ್ಚಿ, ಮೋರಿಸ್ ನೀರಿನ ತೊಟ್ಟಿಯಲ್ಲಿ (ನೀರೊಳಗೆ ಅಡಗಿಸಿದ ಹಲಗೆಯ ಜಾಗ ಕಲಿಯುವ ಪರೀಕ್ಷೆ) ಬಿಡುತ್ತೀರಿ. ಗುಂಪಿಗೆ ಆರು ಪ್ರಾಣಿ. ಫಲಿತಾಂಶ ಚೆನ್ನಾಗಿ ಬಂದರೆ ‘ಆಲ್‌ಝೈಮರ್‌ಗೆ ಪರಿಣಾಮಕಾರಿ’ ಎಂದು ಬರೆಯಬಹುದೇ?

ಬರೆಯಲು ಬರುವುದಿಲ್ಲ. ಸ್ಕೋಪೊಲಮಿನ್ ಮಿದುಳಿನ ಮಸ್ಕರಿನಿಕ್ ರಿಸೆಪ್ಟರ್‌ಗಳನ್ನು (ಸಂದೇಶ ಹಿಡಿಯುವ ಗ್ರಾಹಕಗಳನ್ನು) ಸ್ವಲ್ಪ ಹೊತ್ತು ಮುಚ್ಚಿಡುತ್ತದೆ, ಅಷ್ಟೆ. ಆಲ್‌ಝೈಮರ್‌ನಲ್ಲಿ ಕಾಣುವ ಅಮೈಲಾಯ್ಡ್ ಪ್ರೋಟೀನಿನ ಪ್ಲಾಕ್ ಕಟ್ಟುವುದಿಲ್ಲ, ಟೌ ಪ್ರೋಟೀನಿನ ಗಂಟು ಬೀಳುವುದಿಲ್ಲ, ಮದ್ದಿನ ಅಮಲಿಳಿದರೆ ಇಲಿ ಮೊದಲಿನಂತಾಗುತ್ತದೆ. ಈ ರಿಸೆಪ್ಟರ್‌ಗಳಿಗೆ ಸಂದೇಶ ಒಯ್ಯುವ ಅಸಿಟೈಲ್‌ಕೋಲಿನ್ ಹೆಚ್ಚಿಸುವ ವಸ್ತುಗಳು ಇಲ್ಲಿ ಸುಲಭವಾಗಿ ಪಾಸಾಗುತ್ತವೆ. ‘ಸ್ಕೋಪೊಲಮಿನ್‌ನಿಂದ ಆದ ಕಲಿಕೆಯ ಕೊರತೆ ಕಡಿಮೆಯಾಯಿತು’ ಎಂದು ಬರೆಯಿರಿ. ಆದರೆ ಅಷ್ಟನ್ನೇ ನಂಬುವ ಹಾಗೆ ತೋರಿಸುವುದೂ ಸುಲಭವಿಲ್ಲ.

ಸಾಮಾನ್ಯ ಪ್ರಮಾಣ ಕೆ.ಜಿ.ಗೆ 1 ಮಿ.ಗ್ರಾಂ, ಹೊಟ್ಟೆಯ ಪೊರೆಯೊಳಗೆ, ತರಬೇತಿಗೆ 30 ನಿಮಿಷ ಮುಂಚೆ. ಇದು ಮರೆವಿನ ಜೊತೆಗೆ ಇನ್ನೆರಡು ಕೆಲಸ ಮಾಡುತ್ತದೆ: ಇಲಿ ಸುಮ್ಮನೆ ಓಡಾಡತೊಡಗುತ್ತದೆ, ಪಾಪೆ ಅಗಲವಾಗಿ ಕಣ್ಣು ಮಂಜಾಗುತ್ತದೆ. ಒಂದೆಲಗಕ್ಕೋ ಆತಂಕ ತಗ್ಗಿಸುವ, ಮಂಪರು ತರುವ ಗುಣವಿದೆ. ಎರಡನ್ನೂ ಸೇರಿಸಿ ನೋಡಿ. ಸ್ಕೋಪೊಲಮಿನ್ ಕೊಟ್ಟ ಇಲಿ ತೊಟ್ಟಿಯ ಗೋಡೆಗೆ ಅಂಟಿಕೊಂಡು ಸುತ್ತು ಹಾಕುತ್ತದೆ. ಸಾರ ಕುಡಿದ ಇಲಿ ಗಾಬರಿ ಇಳಿದು ಗೋಡೆ ಬಿಡುತ್ತದೆ, ಆಕಸ್ಮಿಕವಾಗಿ ಹಲಗೆ ಎಡವುತ್ತದೆ. ಹಲಗೆ ಸೇರುವ ಸಮಯ ಇಳಿಯಿತು, ನೆನಪು ಮಾತ್ರ ಒಂದಿಷ್ಟೂ ಸುಧಾರಿಸಿಲ್ಲ. ಕತ್ತಲ ಕೋಣೆಗೆ ಕಾಲಿಟ್ಟರೆ ಶಾಕ್ ಹೊಡೆಯುವ ಸ್ಟೆಪ್-ಥ್ರೂ ಪ್ಯಾಸಿವ್ ಅವಾಯ್ಡೆನ್ಸ್‌ನಲ್ಲಿ ಮೋಸ ಇನ್ನೂ ಸಲೀಸು. ಶಾಕ್ ತಿಂದದ್ದು ನೆನಪಿದ್ದರೆ ಇಲಿ ಬೆಳಕಿನ ಕೋಣೆಯಲ್ಲೇ ಉಳಿಯಬೇಕು. ತೂಕಡಿಸುವ ಇಲಿಯೂ ಅಲ್ಲೇ ಉಳಿಯುತ್ತದೆ!

ಹಾಗಾಗಿ ಗುಂಪುಗಳನ್ನು ಮರುಜೋಡಿಸಿ. ಸಲೈನ್, ಸ್ಕೋಪೊಲಮಿನ್, ಸ್ಕೋಪೊಲಮಿನ್ ಜೊತೆ ಡೊನೆಪೆಝಿಲ್ (ಈಗಾಗಲೇ ಬಳಕೆಯಲ್ಲಿರುವ ಆಲ್‌ಝೈಮರ್ ಮದ್ದು), ಸ್ಕೋಪೊಲಮಿನ್ ಜೊತೆ ಸಾರದ ಎರಡು ಪ್ರಮಾಣ ಇದ್ದೇ ಇರುತ್ತವೆ. ಸ್ಕೋಪೊಲಮಿನ್ ಇಲ್ಲದೆ ಬರೀ ಸಾರ ಕೊಟ್ಟ ಗುಂಪು ಕಡ್ಡಾಯ. ಸಾಧ್ಯವಾದರೆ ಮೀಥೈಲ್-ಸ್ಕೋಪೊಲಮಿನ್ ಗುಂಪೂ ಇರಲಿ: ಅದು ಮಿದುಳಿಗೆ ಅಷ್ಟಾಗಿ ಹೋಗದೆ ಪಾಪೆಯನ್ನು ಮಾತ್ರ ಅಗಲಿಸುವುದರಿಂದ, ಕಣ್ಣಿನ ತೊಂದರೆಯನ್ನು ಮರೆವಿನಿಂದ ಬೇರೆ ಮಾಡಿ ತೋರಿಸುತ್ತದೆ. ಡೊನೆಪೆಝಿಲ್ ಕೆ.ಜಿ.ಗೆ 1 ಮಿ.ಗ್ರಾಂನಿಂದ ಶುರು ಮಾಡಿ. ಜಾಸ್ತಿಯಾದರೆ ನಡುಕ, ಜೊಲ್ಲು, ಭೇದಿ. ಓಡಾಟ ಅಳೆಯಲು ಓಪನ್ ಫೀಲ್ಡ್ ಪರೀಕ್ಷೆ ಬಿಡಬೇಡಿ.

ಇನ್ನು ತೊಟ್ಟಿ. ಮೈಸ್‌ಗೆ ವ್ಯಾಸ 120 ಸೆ.ಮೀ. ಇದ್ದರೆ ಸಾಕು, ರ‍್ಯಾಟ್‌ಗೆ (ದೊಡ್ಡ ಇಲಿ) 150ರಿಂದ 180. ಹಲಗೆ 10 ಸೆ.ಮೀ. ಅಗಲ, ನೀರಿನ ಮಟ್ಟಕ್ಕಿಂತ 1 ಸೆ.ಮೀ. ಕೆಳಗೆ. ನೀರು 21–22 ಡಿಗ್ರಿ. 18ಕ್ಕೆ ಇಳಿದರೆ ಮೈಸ್ ಬೇಗ ಸೆಟೆದುಕೊಳ್ಳುತ್ತವೆ, 26 ದಾಟಿದರೆ ಆರಾಮಾಗಿ ತೇಲುತ್ತ ಹಲಗೆಯ ಗೊಡವೆಗೇ ಹೋಗುವುದಿಲ್ಲ. ದಿನಕ್ಕೆ ನಾಲ್ಕು ಸರದಿ, ಐದು ದಿನ, ಒಂದೊಂದಕ್ಕೆ 60 ಸೆಕೆಂಡ್. ಸಿಗದಿದ್ದರೆ ಕೈಯಿಂದ ದಾರಿ ತೋರಿಸಿ ಹಲಗೆಯ ಮೇಲೆ 15 ಸೆಕೆಂಡ್ ಕೂರಿಸಿ. ಕೊನೆಯ ಸರದಿಯಾಗಿ 24 ಗಂಟೆ ಕಳೆದ ಮೇಲೆ ಹಲಗೆ ತೆಗೆದು ಪ್ರೋಬ್ ಪರೀಕ್ಷೆ. ಗುರಿಯ ಕಾಲುಭಾಗದಲ್ಲಿ ಕಳೆದ ಸಮಯವನ್ನು ಆಕಸ್ಮಿಕ ಮಟ್ಟವಾದ ಶೇ. 25ರೊಂದಿಗೂ ಹೋಲಿಸಿ. ಸ್ಕೋಪೊಲಮಿನ್ ಈಜಿನ ವೇಗವನ್ನೂ ಬದಲಿಸಬಹುದು. ಆದ್ದರಿಂದ ಈಜಿದ ದೂರ, ವೇಗ, ಗೋಡೆಯಂಚಿನಲ್ಲಿ ಕಳೆದ ಹೊತ್ತು ಮೂರನ್ನೂ ವರದಿ ಮಾಡಿ. ಬರೀ ಸೆಕೆಂಡುಗಳ ಗ್ರಾಫ್ ಕೊಟ್ಟ ಪ್ರಬಂಧವನ್ನು ನಾನು ನಂಬುವುದಿಲ್ಲ.

ಸ್ವಿಸ್ ಆಲ್ಬಿನೊ ಎಂದಿರಿ. ಆಲ್ಬಿನೊ ಇಲಿಗಳಿಗೆ ಮೊದಲೇ ದೃಷ್ಟಿ ಮಂದ. ಸ್ವಿಸ್ ಮೂಲದ ಹಲವು ತಳಿಗಳಲ್ಲಿ ರೆಟಿನಾ ನಶಿಸುವ ಆರ್‌ಡಿ1 ಎಂಬ ಜೀನ್ ದೋಷವೂ ಇರುತ್ತದೆ. ಎರಡು ದೋಷಯುಕ್ತ ಪ್ರತಿ ಇರುವ ಇಲಿ ಹರೆಯಕ್ಕೆ ಬರುವಷ್ಟರಲ್ಲಿ ಕುರುಡು. ಗೋಡೆಯ ಮೇಲಿನ ಚಿತ್ರ ನೋಡಿ ದಾರಿ ಕಲಿಯಬೇಕಾದ ಪರೀಕ್ಷೆಗೆ ಕುರುಡು ಇಲಿಯನ್ನು ಇಳಿಸಿ ಏನು ಪ್ರಯೋಜನ? ಕಣ್ಣು ಚೆನ್ನಾಗಿರುವ ಸಿ57ಬಿಎಲ್/6 ಎಂಬ ಕಪ್ಪು ತಳಿ ಸಿಕ್ಕರೆ ಅದನ್ನೇ ತೆಗೆದುಕೊಳ್ಳಿ. ಯಾವ ತಳಿಯಾದರೂ ಕೊನೆಗೆ ಹಲಗೆಗೆ ಬಾವುಟ ಸಿಕ್ಕಿಸಿ, ಕಾಣುವ ಹಲಗೆಯ ಸರದಿ ಮಾಡಿ.

ಪ್ರಮಾಣದ ಲೆಕ್ಕಕ್ಕೆ ಬರೋಣ. ಮೈಸ್‌ನ ಮಿ.ಗ್ರಾಂ/ಕೆ.ಜಿ.ಯನ್ನು 12.3ರಿಂದ ಭಾಗಿಸಿದರೆ ಮನುಷ್ಯನದು ಸಿಗುತ್ತದೆ, ರ‍್ಯಾಟ್‌ನದಾದರೆ 6.2ರಿಂದ. ನಿಮ್ಮ 400 ಎಂದರೆ 60 ಕೆ.ಜಿ. ತೂಗುವವರಿಗೆ ದಿನಕ್ಕೆ ಸುಮಾರು 1,950 ಮಿ.ಗ್ರಾಂ ಸಾರ. ಇಳುವರಿ ಶೇ. 10 ಎಂದಿಟ್ಟುಕೊಂಡರೆ ಒಣ ಗಿಡ ಹತ್ತಿರಹತ್ತಿರ 20 ಗ್ರಾಂ. ಊಟಕ್ಕೊಂದು ತಂಬುಳಿಯಿಂದ ಅಷ್ಟು ಒಳಹೋಗುವುದಿಲ್ಲ. 50 ಮತ್ತು 100ರ ಗುಂಪೂ ಇದ್ದಿದ್ದರೆ ಚೆನ್ನಿತ್ತು. ಕುಡಿಸುವಾಗ ಕೆ.ಜಿ.ಗೆ 10 ಮಿ.ಲೀ. ಮೀರಬೇಡಿ: 25 ಗ್ರಾಂ ಇಲಿಗೆ 0.25 ಮಿ.ಲೀ., ಅಂದರೆ 200ರ ಗುಂಪಿಗೆ ಮಿ.ಲೀ.ಗೆ 20 ಮಿ.ಗ್ರಾಂ ಇರುವ ದ್ರಾವಣ. ಶೇ. 0.5ರ ಸಿಎಂಸಿಯಲ್ಲಿ (ಸಾರವನ್ನು ತೇಲಿಸಿಡುವ ಅಂಟು ದ್ರಾವಣ) ಕಲಸಿದ ಸಾರ ನಿಂತರೆ ತಳ ಕಟ್ಟುತ್ತದೆ. ಪ್ರತಿ ಸಲ ಸಿರಿಂಜ್ ತುಂಬುವ ಮೊದಲು ಅಲ್ಲಾಡಿಸದಿದ್ದರೆ ಮೊದಲ ಇಲಿಗೆ ನೀರು, ಕೊನೆಯದಕ್ಕೆ ಗಸಿ. ಸಲೈನ್ ಮತ್ತು ಸ್ಕೋಪೊಲಮಿನ್ ಗುಂಪುಗಳಿಗೂ ಬರೀ ಸಿಎಂಸಿ ಅದೇ ರೀತಿ ಕುಡಿಸಬೇಕು, ಏಕೆಂದರೆ ಹೊಟ್ಟೆಗೆ ನೇರ ಮದ್ದು ಇಳಿಸುವ ಗ್ಯಾವಾಜ್ ಸೂಜಿಯ ಒತ್ತಡವೇ ನಡವಳಿಕೆ ಕೆಡಿಸುತ್ತದೆ.

ಗಿಡದ ಗುರುತು ಮೊದಲೇ ಮುಗಿಸಿ. ಅಂಗಡಿಯಲ್ಲಿ ‘ಬ್ರಾಹ್ಮಿ’ ಎಂದರೆ ಒಂದೆಲಗವೂ ಬರಬಹುದು, ಬಕೋಪಾ ಎನ್ನುವ ನೀರುಬ್ರಾಹ್ಮಿಯೂ ಬರಬಹುದು. ರಾಸಾಯನಿಕವಾಗಿ ಎರಡೂ ಬೇರೆಯೇ. ಸಸ್ಯಶಾಸ್ತ್ರಜ್ಞರಿಂದ ಗುರುತಿಸಿ ಹರ್ಬೇರಿಯಂ ಮಾದರಿ ಇಡಿಸಿ. ಒಂದೆಲಗದ ಗುರುತಿನ ರಾಸಾಯನಿಕಗಳಾದ ಏಷ್ಯಾಟಿಕೋಸೈಡ್, ಮೆಡೆಕ್ಯಾಸೋಸೈಡ್ ಎಷ್ಟಿವೆ ಎಂದು ಎಚ್‌ಪಿಎಲ್‌ಸಿಯಲ್ಲಿ (ಘಟಕಗಳನ್ನು ಬೇರ್ಪಡಿಸಿ ಅಳೆಯುವ ವಿಧಾನ) ಅಳೆಯಿರಿ. ಗದ್ದೆಯಂಚು, ಚರಂಡಿ ಬದಿಯಲ್ಲಿ ಬೆಳೆಯುವ ಗಿಡವಾದ್ದರಿಂದ ಸೀಸ, ಕ್ಯಾಡ್ಮಿಯಂ ಪರೀಕ್ಷೆಯನ್ನೂ ಮಾಡಿಸಿ.

ಕೊನೆಗೆ ಮಿದುಳು ತೆಗೆದು ಎಲ್ಮನ್ ವಿಧಾನದಲ್ಲಿ (ಹಳದಿ ಬಣ್ಣ ಅಳೆಯುವ ಪರೀಕ್ಷೆ) ಅಸಿಟೈಲ್‌ಕೋಲಿನ್ ಒಡೆಯುವ ಕಿಣ್ವವಾದ ಕೋಲಿನೆಸ್ಟರೇಸ್ ಅಳೆಯುವವರೇ ಜಾಸ್ತಿ. ಓದುವುದು 412 ನ್ಯಾನೊಮೀಟರ್‌ನಲ್ಲಿ. ಎಲೆಯ ಪತ್ರಹರಿತ್ತೂ ಆಸುಪಾಸಿನಲ್ಲೇ ಬೆಳಕು ಹೀರುತ್ತದೆ. ಟ್ಯೂಬಿನಲ್ಲಿ ಸಾರವನ್ನು ನೇರ ಪರೀಕ್ಷಿಸುವುದಾದರೆ ಕಿಣ್ವ ಹಾಕದ ಬ್ಲಾಂಕ್ ಪ್ರತಿ ಸಾಂದ್ರತೆಗೂ ಬೇಕು. ಅರೆದ ಮಿದುಳಿನ ದ್ರಾವಣವಾದ ಹೊಮೊಜಿನೇಟ್‌ನಲ್ಲಿ ತನ್ನದೇ ಥಯಾಲ್‌ಗಳಿದ್ದು (ಗಂಧಕವಿರುವ ಗುಂಪುಗಳು), ಕಿಣ್ವ ಒಡೆಯುವ ಸಬ್‌ಸ್ಟ್ರೇಟ್ ಹಾಕುವ ಮೊದಲೇ ಬಣ್ಣ ಕೊಡುವ ರಾಸಾಯನಿಕ ಡಿಟಿಎನ್‌ಬಿಗೆ ಹಳದಿ ಬರಿಸುತ್ತವೆ. ರೀಡಿಂಗ್ ನಿಲ್ಲುವವರೆಗೆ ಕಾದು ಆಮೇಲೆ ಸಬ್‌ಸ್ಟ್ರೇಟ್ ಆದ ಅಸಿಟೈಲ್‌ಥಯೋಕೋಲಿನ್ ಸೇರಿಸಿ. ಡೊನೆಪೆಝಿಲ್ ಕಿಣ್ವಕ್ಕೆ ಅಂಟಿ ಮತ್ತೆ ಕಳಚಿಕೊಳ್ಳುವ ಜಾತಿಯದು. ಹೊಮೊಜಿನೇಟ್ ತೆಳುವಾದಷ್ಟೂ ಪ್ರತಿಬಂಧ ಕಡಿಮೆ ಕಾಣುತ್ತದೆ.

ಗುಂಪಿಗೆ ಆರು ಎಂದರೆ ಶೇ. 80 ಪವರ್‌ನಲ್ಲಿ (ನಿಜವಾಗಿ ಇರುವ ವ್ಯತ್ಯಾಸವನ್ನು ಹಿಡಿಯುವ ಸಾಧ್ಯತೆ) ಎರಡು ಗುಂಪುಗಳ ನಡುವೆ ಸುಮಾರು 1.8 ಸ್ಟ್ಯಾಂಡರ್ಡ್ ಡೀವಿಯೇಶನ್‌ನಷ್ಟು (ಗುಂಪಿನೊಳಗಿನ ಏರುಪೇರಿನ ಅಳತೆ) ದೊಡ್ಡ ವ್ಯತ್ಯಾಸವಷ್ಟೇ ಸಿಗುತ್ತದೆ. 1.0ರಷ್ಟು ಹಿಡಿಯಲು ಗುಂಪಿಗೆ 17 ಬೇಕು. ಒಂದೇ ಇಲಿಯ ನಾಲ್ಕು ಸರದಿಗಳನ್ನು ನಾಲ್ಕು ಇಲಿ ಎಂದು ಎಣಿಸಬೇಡಿ. ಹಸಿರು ದ್ರಾವಣದಿಂದ ಗುಂಪು ಗೊತ್ತಾಗಿಬಿಡುತ್ತದೆ, ಹಾಗಾಗಿ ಕುಡಿಸುವವರು ಬೇರೆ, ತೊಟ್ಟಿಯ ಬಳಿ ನಿಲ್ಲುವವರು ಬೇರೆ ಇರಲಿ.

ರೋಗದ ಮಾತಾಡಬೇಕೆಂದರೆ ಎಪಿಪಿ/ಪಿಎಸ್1 ಅಥವಾ 5ಎಕ್ಸ್‌ಎಫ್‌ಎಡಿಯಂತಹ ಅಮೈಲಾಯ್ಡ್ ಕಟ್ಟುವಂತೆ ಜೀನ್ ಮಾರ್ಪಡಿಸಿದ ಮೈಸ್ ಬೇಕು. ಮಾನೇಸರದ ರಾಷ್ಟ್ರೀಯ ಮಿದುಳು ಸಂಶೋಧನಾ ಕೇಂದ್ರದಲ್ಲಿ ವಿಜಯಲಕ್ಷ್ಮಿ ರವೀಂದ್ರನಾಥ್ ಅವರ ತಂಡ ಅಶ್ವಗಂಧ ಬೇರಿನ ಸಾರವನ್ನು ಎಪಿಪಿ/ಪಿಎಸ್1 ಮೈಸ್‌ಗೆ 30 ದಿನ ಕೊಟ್ಟು 2012ರಲ್ಲಿ ಪ್ರಕಟಿಸಿದ ಕೆಲಸ ಓದಿ. ನಡವಳಿಕೆ ಸುಧಾರಿಸಿದ್ದನ್ನು ತೋರಿಸಿ ಬಿಡದೆ, ಅಮೈಲಾಯ್ಡ್ ಎಲ್ಲಿ ಹೋಯಿತು ಎಂದು ಹುಡುಕಿ, ಅಮೈಲಾಯ್ಡ್ ಹೊರಹಾಕಲು ನೆರವಾಗುವ ಯಕೃತ್ತಿನ ಎಲ್‌ಆರ್‌ಪಿ ರಿಸೆಪ್ಟರ್‌ವರೆಗೆ ಹೋದರು. ನಿಮ್ಮ ಒಂದೆಲಗದ್ದೇ ನೀರಿನ ಸಾರ ಅಂಥದೇ ಟಿಜಿ2576 ಮೈಸ್‌ನಲ್ಲಿ ನಡವಳಿಕೆ ಸುಧಾರಿಸಿದರೂ ಅಮೈಲಾಯ್ಡ್ ಕಡಿಮೆ ಮಾಡಲಿಲ್ಲ ಎಂದು ಅದೇ 2012ರ ಇನ್ನೊಂದು ಅಧ್ಯಯನ. ಇಷ್ಟಾದ ಮೇಲೂ ಮನುಷ್ಯರ ಹಂತ ಬೇರೆಯೇ: 3,069 ವೃದ್ಧರಿಗೆ ದಿನಕ್ಕೆರಡು ಸಲ 120 ಮಿ.ಗ್ರಾಂ ಅಥವಾ ಪ್ಲಸೀಬೊ ಕೊಟ್ಟ ಗಿಂಕ್ಗೊ ಮರದ ಎಲೆಸಾರದ ಪ್ರಯೋಗ 2008ರಲ್ಲಿ ಡಿಮೆನ್ಶಿಯಾ ತಡೆಯಲಿಲ್ಲ ಎಂದಿತು. ಗಿಡದಿಂದ ಬಂದು ಗೆದ್ದದ್ದು ಸ್ನೋಡ್ರಾಪ್ ಹೂಗಿಡದ ಗ್ಯಾಲಂಟಮಿನ್, ಅಮೆರಿಕದ ಒಪ್ಪಿಗೆ 2001ರಲ್ಲಿ. ಅದೂ ಲಕ್ಷಣಕ್ಕೆ ಮದ್ದು, ರೋಗ ನಿಲ್ಲಿಸುವುದಲ್ಲ.

ನಾನಾದರೆ ಸಂಸ್ಥೆಯ ಪ್ರಾಣಿ ನೈತಿಕ ಸಮಿತಿಗೆ ಫಾರ್ಮ್ ಬಿ ಹಾಕುವಾಗಲೇ ಸಣ್ಣದೊಂದು ಪೈಲಟ್ ಸೇರಿಸಿ ಒಪ್ಪಿಗೆ ಪಡೆಯುತ್ತೇನೆ: ಸಲೈನ್, ಸ್ಕೋಪೊಲಮಿನ್, ಸ್ಕೋಪೊಲಮಿನ್ ಜೊತೆ ಡೊನೆಪೆಝಿಲ್ ಮೂರೇ ಗುಂಪು. ಅಲ್ಲಿ ಡೊನೆಪೆಝಿಲ್ ಕೊಟ್ಟ ಇಲಿಗಳು ಚೇತರಿಸಿಕೊಳ್ಳದಿದ್ದರೆ ತೊಟ್ಟಿ, ಸಮಯ, ತಳಿ ಇವುಗಳಲ್ಲೇ ಎಲ್ಲೋ ಕೆಟ್ಟಿದೆ. ಅದು ಸರಿಹೋಗುವವರೆಗೆ ಸಾರದ ಬಾಟಲಿ ಫ್ರಿಜ್‌ನಲ್ಲೇ ಇರಲಿ.