ಎಲ್ಲ ಎಂಜಿನ್ನಿಗೂ ‘ಗಡಗಡ’ ಬೇಡ

ನಮಸ್ಕಾರ.

‘ಡೀಸೆಲ್ ಎಂಜಿನ್ ಯಾಕೆ ಸದ್ದು ಮಾಡುತ್ತದೆ?’ ಅನ್ನುವ ನಿಮ್ಮ ಲೇಖನ ಓದಿದೆ. ವಿಷಯ ಚೆನ್ನಾಗಿದೆ, ಕಾಗುಣಿತದ ತಪ್ಪೂ ಕಡಿಮೆ. ಆದರೆ ಎರಡನೇ ಪುಟಕ್ಕೆ ಬಂದಾಗ ನನಗೆ ಸಿಟ್ಟು ಬಂತು. ಅದರ ಬಗ್ಗೆ ಮಾತ್ರ ಬರೆಯುತ್ತೇನೆ, ಬೇಜಾರು ಮಾಡಿಕೊಳ್ಳಬೇಡಿ.

ನಿಮ್ಮ ಸಾಲು: ‘ಸಿಲಿಂಡರಿನಲ್ಲಿ ಒತ್ತಡ ಹೆಚ್ಚಾದಷ್ಟೂ ಸದ್ದು ಹೆಚ್ಚು.’ ಹಾಗಲ್ಲ. ಒತ್ತಡ ಎಷ್ಟು ಏರಿತು ಅನ್ನುವುದಕ್ಕಿಂತ ಎಷ್ಟು ಬೇಗ ಏರಿತು ಅನ್ನುವುದು ಮುಖ್ಯ. ಬಾಗಿಲನ್ನು ಮೆತ್ತಗೆ ಮುಚ್ಚಬಹುದು, ದಢಾರನೆ ಬಡಿಯಲೂಬಹುದು. ಬಾಗಿಲು ಅದೇ ಅಲ್ವಾ? ಅದಕ್ಕೇ ಎಂಜಿನಿಯರುಗಳು ಕ್ರ್ಯಾಂಕ್ ಶಾಫ್ಟ್, ಅಂದರೆ ಪಿಸ್ಟನ್ ತಿರುಗಿಸುವ ದಂಡ, 1 ಡಿಗ್ರಿ ತಿರುಗುವಷ್ಟರಲ್ಲಿ ಒತ್ತಡ ಎಷ್ಟು ‘ಬಾರ್’ (ಒತ್ತಡದ ಅಳತೆ) ಏರಿತು ಎಂದು ಲೆಕ್ಕ ಹಾಕುತ್ತಾರೆ.

ಅದರ ಮುಂದಿನ ಸಾಲು: ‘ಇದು ಕುಕ್ಕರ್ ಕೂಗಿದಂತೆ.’ ಅಯ್ಯೋ! ಕುಕ್ಕರ್ ಕೂಗುವುದು ಆವಿ ಹೊರಗೆ ನುಗ್ಗುವಾಗ. ಡೀಸೆಲ್ ಬಡಿತ ಹುಟ್ಟುವ ಹೊತ್ತಿಗೆ ವಾಲ್ವುಗಳೆಲ್ಲ ಮುಚ್ಚಿರುತ್ತವೆ. ಒಳಗೆ ಬಿದ್ದ ಏಟಿಗೆ ಎಂಜಿನ್ನಿನ ಬ್ಲಾಕೇ ನಡುಗಿ ಆ ಸದ್ದು ಹೊರಗೆ ಬರುತ್ತದೆ. ಎಷ್ಟು ಒಳ್ಳೆಯ ಸೈಲೆನ್ಸರ್ ಹಾಕಿದರೂ ಅದು ನಿಲ್ಲುವುದಿಲ್ಲ.

ಮೂರನೆಯದು: ‘ನಂತರ ಇಂಧನ ಉರಿಯುತ್ತದೆ.’ ಇಡೀ ಕಥೆ ಆ ‘ನಂತರ’ದಲ್ಲೇ ಇದೆ. ನೀವು ಅದನ್ನು ಸುಮ್ನೆ ದಾಟಿಬಿಟ್ಟಿದ್ದೀರಿ. ನಾಝಲ್ ಚಿಮ್ಮಿಸಿದ ಡೀಸೆಲ್ ತಕ್ಷಣ ಹತ್ತಿಕೊಳ್ಳುವುದಿಲ್ಲ. ಸುಮಾರು ಒಂದು ಸೆಕೆಂಡಿನ ಸಾವಿರದಲ್ಲೊಂದು ಪಾಲು ತಡವಾಗುತ್ತದೆ. ಕಡಿಮೆ ಅನಿಸುತ್ತದೆಯೇ? ನಿಮಿಷಕ್ಕೆ 800 ಸುತ್ತು ತಿರುಗುತ್ತಾ ನಿಂತಲ್ಲೇ ಓಡುವ ಎಂಜಿನ್ನಿನ ಕ್ರ್ಯಾಂಕ್ ಅಷ್ಟರಲ್ಲಿ ಹತ್ತಿರ ಹತ್ತಿರ 5 ಡಿಗ್ರಿ ತಿರುಗಿರುತ್ತದೆ. ಆ ಹೊತ್ತಿನಲ್ಲಿ ಒಳಗೆ ಬಿದ್ದ ಡೀಸೆಲ್ ಗಾಳಿಯ ಜೊತೆ ಬೆರೆತು ಹತ್ತಿಕೊಳ್ಳಲು ಕಾದಿರುತ್ತದೆ. ಆಮೇಲೆ ಒಟ್ಟಿಗೆ ಹತ್ತಿಕೊಳ್ಳುತ್ತದೆ. ಗ್ಯಾಸ್ ತಿರುಗಿಸಿ ಕಡ್ಡಿ ಗೀರುವುದು ತಡವಾದರೆ ಭುಗ್ಗೆನ್ನುತ್ತದಲ್ಲ, ಹಾಗೆ. ಅಡುಗೆಮನೆಯೇ ಬೇಕಿದ್ದರೆ ಇದನ್ನು ತೆಗೆದುಕೊಳ್ಳಿ.

ಇಷ್ಟು ಹೇಳಿದರೆ ಉಳಿದದ್ದು ತಾನೇ ಬರುತ್ತದೆ. ಚಳಿಗಾಲದ ಬೆಳಿಗ್ಗೆ ಸದ್ದು ಜಾಸ್ತಿ ಯಾಕೆ? ಒಳಗೆ ತಣ್ಣಗಿದ್ದಾಗ ಆ ಕಾಯುವ ಹೊತ್ತು ಬೆಳೆಯುತ್ತದೆ. 1997ರಲ್ಲಿ ಕಾರುಗಳಿಗೆ ಬಂದ, ಡೀಸೆಲ್ ಚಿಮ್ಮಿಸುವ ‘ಕಾಮನ್ ರೈಲ್’ ವ್ಯವಸ್ಥೆ ಯಾಕೆ ಸದ್ದು ತಗ್ಗಿಸಿತು? ಅದರಲ್ಲಿ ಮೊದಲು ಚೂರೇ ಚೂರು ಚಿಮ್ಮಿಸಿ ಒಳಗನ್ನು ಬಿಸಿ ಮಾಡಿಕೊಂಡು, ಆಮೇಲೆ ಉಳಿದದ್ದನ್ನು ಬಿಡಬಹುದು. ಬೆಂಗಳೂರಿನ ಆಡುಗೋಡಿಯ ಮೈಕೋ (ಈಗಿನ ಬಾಷ್) ಕಾರ್ಖಾನೆಯಲ್ಲಿ ಡೀಸೆಲ್ ಪಂಪು, ನಾಝಲ್ ಮಾಡಿದ ಊರು ನಮ್ಮದು. ನಿಮ್ಮ ಪುಟ ಹೀಗೇ ಅಚ್ಚಾದರೆ ಅಲ್ಲಿಂದ ರಿಟೈರ್ ಆದವರು ಮೊದಲು ಬೈಯುವುದು ನನಗೆ.

ಇನ್ನು ‘ಗಡಗಡ’. ಆ ಒಂದೇ ಪುಟದಲ್ಲಿ ಹನ್ನೊಂದು ಸಲ ಇದೆ, ಎಣಿಸಿದೆ. ಬಿಎಂಟಿಸಿ ಬಸ್ಸಿಗೂ ಗಡಗಡ, ಪೆಟ್ರೋಲ್ ಕಾರಿಗೂ ಗಡಗಡ, ಹಳೆಯ ಜಾವಾ ಬೈಕಿಗೂ ಗಡಗಡ. ಪೆಟ್ರೋಲ್ ಕಾರು ಫ್ಲೈಓವರ್ ಹತ್ತುವಾಗ ನಾಕಿಂಗ್ ಆದರೆ ಕಿಣಿಕಿಣಿ ಅನ್ನುತ್ತದೆ. ಕೊನೆಗೆ ಉಳಿದ ಮಿಶ್ರಣ ತಾನಾಗಿಯೇ ಹತ್ತಿಕೊಂಡು, ಸಿಲಿಂಡರಿನೊಳಗಿನ ಗಾಳಿ ಸೆಕೆಂಡಿಗೆ ಸುಮಾರು 6000 ಸಲ ಅದುರುತ್ತದೆ. ಗುಡಿಯ ಗಂಟೆ ಬಾರಿಸಿದ ಹಾಗೆ. ಟೂ-ಸ್ಟ್ರೋಕ್ ಎಂಜಿನ್ನಿನ ಆ ಹಳೆಯ ಜಾವಾ ನಿಂತಲ್ಲೇ ಓಡುವಾಗ ಲಯ ತಪ್ಪುತ್ತಿರುತ್ತದೆ. ಹಿಂದಿನ ಸಲದ ಹೊಗೆ ಒಳಗೇ ಉಳಿದು, ಒಂದು ಸುತ್ತು ಹತ್ತಿಕೊಂಡರೆ ಇನ್ನೊಂದು ಹತ್ತಿಕೊಳ್ಳುವುದಿಲ್ಲ. ಪೆಟ್ರೋಲ್ ಎಂಜಿನ್ನಿನಲ್ಲಿ ಯಾವ ಎರಡು ಸುತ್ತಿನ ಒತ್ತಡವೂ ಒಂದೇ ಇರುವುದಿಲ್ಲ. ಇದನ್ನೆಲ್ಲ ಹೇಳಲು ನಮ್ಮ ಭಾಷೆಯಲ್ಲಿ ಟಕಟಕ, ಡುಗುಡುಗು, ಪಟಪಟ ಎಲ್ಲ ಇದ್ದೂ ನೀವು ಒಂದರಲ್ಲೇ ಮುಗಿಸಿದಿರಿ.

ನಾನೂ ಹೀಗೇ ಮಾಡಿದ್ದೆ. ಪತ್ರಿಕೆಗೆ ಸೇರಿದ ಹೊಸತರಲ್ಲಿ ಎಂಜಿನ್ ಬಗ್ಗೆ ನಾಲ್ಕು ಪುಟ ಬರೆದು ಕೊಟ್ಟೆ. ನಮ್ಮ ಹಿರಿಯ ಸಂಪಾದಕರು ಓದಿ, ‘ಈ ಸದ್ದು ಎಲ್ಲಿ ಕೇಳಿದೆಯಪ್ಪಾ?’ ಅಂದರು. ಲೈಬ್ರರಿಯಲ್ಲಿ ಅಂದೆ. ಮಾರನೇ ದಿನ ಜೆ.ಸಿ. ರಸ್ತೆ ಹಿಂದಿನ ಒಂದು ಗ್ಯಾರೇಜಿಗೆ ಅಟ್ಟಿದರು. ಅಲ್ಲಿನ ಮೇಸ್ತ್ರಿ ಉದ್ದದ ಸ್ಕ್ರೂಡ್ರೈವರಿನ ತುದಿಯನ್ನು ಎಂಜಿನ್ನಿಗೆ ಒತ್ತಿ, ಹಿಡಿಯನ್ನು ನನ್ನ ಕಿವಿಗೆ ಇಟ್ಟರು. ತಲೆಯೊಳಗೇ ಯಾರೋ ಬಡಿದ ಹಾಗಾಯಿತು. ಆಮೇಲೆ ಇಂಜೆಕ್ಟರ್ ಪೈಪಿನ ನಟ್ಟುಗಳನ್ನು ಒಂದೊಂದಾಗಿ ಸಡಿಲ ಮಾಡಿ, ಆಯಾ ಸಿಲಿಂಡರಿಗೆ ಡೀಸೆಲ್ ತಪ್ಪಿಸುತ್ತಾ ಬಂದರು. ಮೂರನೆಯದಕ್ಕೆ ಆ ಟಕ್ ಟಕ್ ಮಾಯವಾಯಿತು. ‘ಇವನೇ ಕಳ್ಳ’ ಅಂದರು. ನನ್ನ ನಾಲ್ಕು ಪುಟಗಳಲ್ಲಿ ಅಂಥ ಒಂದು ಸಾಲೂ ಇರಲಿಲ್ಲ. ಡೀಸೆಲ್ ವಾಸನೆಗೆ ಅಮ್ಮ ಎರಡು ದಿನ ಆ ಅಂಗಿಯನ್ನು ಮನೆಯೊಳಗೆ ಬಿಡಲಿಲ್ಲ.

ಎರಡನೇ ಪುಟ ಮಾತ್ರ ಮತ್ತೆ ಬರೆದು ಕಳಿಸಿ. ಅದಕ್ಕೆ ಮುಂಚೆ ಒಂದು ಬೆಳಿಗ್ಗೆ ಐದಕ್ಕೆ ಹತ್ತಿರದ ಬಸ್ ಡಿಪೋ ಗೇಟಿನ ಹತ್ತಿರ ಹೋಗಿ ನಿಲ್ಲಿ. ರಾತ್ರಿಯಿಡೀ ತಣ್ಣಗೆ ನಿಂತ ಬಸ್ಸು ಶುರುವಾಗುವುದನ್ನು ಕೇಳಿ. ಹತ್ತು ನಿಮಿಷ ಬಿಟ್ಟು ಅದೇ ಬಸ್ಸನ್ನು ಇನ್ನೊಮ್ಮೆ ಕೇಳಿ. ಎಲೆಕ್ಟ್ರಿಕ್ ಬಸ್ಸಿನ ಡಿಪೋಗೆ ಹೋಗಿಬಿಟ್ಟೀರಿ ಮತ್ತೆ.